ಮೆತ್ತನೆಯ ಜೆಲ್ ಮೇಲೂ ಮೂಳೆಯ ಹಾದಿ ಹಿಡಿದ ಕಾಂಡಕೋಶಗಳು: ಒಂದು ಪ್ರಕರಣ ಅಧ್ಯಯನ

ಇದು ಜೈವಿಕ ವಸ್ತುಗಳ ಮೇಲೆ ಕೆಲಸ ಮಾಡುವ ಒಂದು ಪ್ರಯೋಗಾಲಯದ ಪ್ರಕರಣ. ತಂಡ ಯಾವುದು, ಕೋಶ ಕೊಟ್ಟ ದಾನಿಗಳು ಯಾರು ಎಂದು ಗುರುತು ಸಿಗುವ ವಿವರಗಳನ್ನೆಲ್ಲ ಕೈಬಿಟ್ಟಿದ್ದೇವೆ. ತಂತ್ರದ ವಿವರಗಳನ್ನು ಮಾತ್ರ ಬಿಟ್ಟಿಲ್ಲ, ಏಕೆಂದರೆ ತೊಡಕೆಲ್ಲ ಇದ್ದದ್ದು ಅಲ್ಲೇ.

ಹಿನ್ನೆಲೆ

ಅಸ್ಥಿಮಜ್ಜೆಯಿಂದ ತೆಗೆದ ಮೀಸೆಂಕೈಮಲ್ ಕಾಂಡಕೋಶ ಮೂಳೆ, ಮೃದ್ವಸ್ಥಿ, ಕೊಬ್ಬು ಇವುಗಳಲ್ಲಿ ಯಾವುದರ ಕಡೆಗೂ ವಾಲಬಲ್ಲದು. ಅದನ್ನು ಒಂದು ಕಡೆಗೆ ತಿರುಗಿಸಲು ಮಾಧ್ಯಮಕ್ಕೆ, ಅಂದರೆ ಕೋಶ ಬೆಳೆಸುವ ದ್ರವಕ್ಕೆ, ರಾಸಾಯನಿಕಗಳನ್ನು ಸೇರಿಸುವುದು ಹಳೆಯ ದಾರಿ. ಕೋಶ ಕಾಲೂರಿದ ನೆಲದ ಗಡಸುತನವೂ ಅದನ್ನು ತಿರುಗಿಸುತ್ತದೆ ಎಂದು 2006ರಲ್ಲಿ ಆಡಮ್ ಎಂಗ್ಲರ್, ಡೆನಿಸ್ ಡಿಷರ್ ಮತ್ತು ಸಂಗಡಿಗರು ತೋರಿಸಿದರು. ಕೊಲ್ಯಾಜೆನ್ ಎಂಬ ಪ್ರೋಟೀನ್ ಲೇಪಿಸಿದ ಪಾಲಿಅಕ್ರಿಲಮೈಡ್ ಜೆಲ್‌ಗಳ ಮೇಲೆ, ಗಡಸುತನ 0.1ರಿಂದ 1 ಕಿಲೋಪ್ಯಾಸ್ಕಲ್ ಇದ್ದಲ್ಲಿ ಕೋಶಗಳು ನರಕೋಶದ ಲಕ್ಷಣ ತೋರಿದವು, 8ರಿಂದ 17 ಇದ್ದಲ್ಲಿ ಸ್ನಾಯುವಿನ, 25ರಿಂದ 40 ಇದ್ದಲ್ಲಿ ಮೂಳೆಯ ಲಕ್ಷಣ. ಕೋಶ ತನ್ನ ನೆಲವನ್ನು ಹಿಡಿದು ಎಳೆದು ನೋಡುತ್ತದೆ. ನೆಲ ಬಗ್ಗದಿದ್ದರೆ ಒಳಗೆ ಕೋಶದ ಚೌಕಟ್ಟಾದ ಆಕ್ಟಿನ್ ಎಳೆಗಳು ಬಿಗಿಯುತ್ತವೆ, ಯಾಪ್ ಎಂಬ ಪ್ರೋಟೀನ್ ಕೋಶದ್ರವ ಬಿಟ್ಟು ಕೋಶಕೇಂದ್ರಕ್ಕೆ ಸೇರುತ್ತದೆ. ಯಾಪ್‌ನ ಈ ಪಾತ್ರವನ್ನು 2011ರಲ್ಲಿ ಪಡುವಾದ ಸ್ಟೆಫಾನೊ ಪಿಕ್ಕೊಲೊ ತಂಡ ಬಿಡಿಸಿಟ್ಟಿತು.

ನಮ್ಮ ಪ್ರಕರಣದ ತಂಡಕ್ಕೆ ಬೇಕಿದ್ದದ್ದು ಮೂಳೆಯ ಕೊರತೆ ತುಂಬುವ ಒಂದು ಜೆಲ್. ಅದಕ್ಕೂ ಮೊದಲು ತಮ್ಮ ದಾನಿಗಳ ಕೋಶಗಳು ಗಡಸುತನಕ್ಕೆ ಹೇಗೆ ಸ್ಪಂದಿಸುತ್ತವೆ ಎಂದು ಸಮತಲ ಜೆಲ್‌ಗಳ ಮೇಲೆ ಅಳೆಯಲು ಹೊರಟರು. ಎರಡು ಜೆಲ್ ಆರಿಸಿಕೊಂಡರು: ಸುಮಾರು 1 ಕಿಲೋಪ್ಯಾಸ್ಕಲ್‌ನ ಮೆತ್ತನೆಯದು, ಸುಮಾರು 35 ಕಿಲೋಪ್ಯಾಸ್ಕಲ್‌ನ ಗಡಸು.

ಪಾಕ ಎಲ್ಲರಿಗೂ ಪರಿಚಿತವಾದದ್ದೇ. ಮೆತ್ತನೆಯ ಜೆಲ್‌ನ 1 ಮಿಲಿಲೀಟರ್‌ಗೆ ಶೇ 40ರ ಅಕ್ರಿಲಮೈಡ್ 100 ಮೈಕ್ರೋಲೀಟರ್, ಶೇ 2ರ ಬಿಸ್‌ಅಕ್ರಿಲಮೈಡ್ 30, ಬಫರ್ 859. ಗಡಸು ಜೆಲ್‌ಗೆ ಅವೇ ದ್ರಾವಣಗಳು 250, 150 ಮತ್ತು 589. ಕೊನೆಯಲ್ಲಿ ಎರಡಕ್ಕೂ ಜೆಲ್ ಕಟ್ಟಿಸುವ ರಾಸಾಯನಿಕಗಳು: ಶೇ 10ರ ಅಮೋನಿಯಂ ಪರ್ಸಲ್ಫೇಟ್ 10 ಮೈಕ್ರೋಲೀಟರ್, ಟೆಮೆಡ್ 1 ಮೈಕ್ರೋಲೀಟರ್. ಅಮೈನೊಸೈಲೇನ್ ಮತ್ತು ಗ್ಲುಟರಾಲ್ಡಿಹೈಡ್‌ನಿಂದ ಸಂಸ್ಕರಿಸಿದ 12 ಮಿಲಿಮೀಟರ್ ದುಂಡು ಕವರ್‌ಸ್ಲಿಪ್‌ಗೆ (ತೆಳು ಗಾಜಿನ ಬಿಲ್ಲೆ) ಜೆಲ್ ಅಂಟಿಕೊಳ್ಳುತ್ತದೆ. ಇನ್ನೊಂದು ಬದಿಯ ಗಾಜು ನೀರು ಹಿಡಿಯದಂತೆ ಲೇಪಿಸಿದ್ದು, ಹಾಗಾಗಿ ಅದರಿಂದ ಬಿಟ್ಟುಕೊಳ್ಳುತ್ತದೆ. ಕೋಶಗಳು ಬರಿಯ ಪಾಲಿಅಕ್ರಿಲಮೈಡ್‌ಗೆ ಅಂಟುವುದಿಲ್ಲವಾದ್ದರಿಂದ ಮೇಲ್ಮೈಗೆ ಸಲ್ಫೋ-ಸ್ಯಾನ್‌ಪಾ ಎಂಬ ಬೆಸೆಯುವ ರಾಸಾಯನಿಕ ಹಚ್ಚಿ, 365 ನ್ಯಾನೋಮೀಟರ್ ಬೆಳಕು ಕೊಟ್ಟು, ಅದರ ಮೇಲೆ ಕೊಲ್ಯಾಜೆನ್ ಕೂರಿಸುತ್ತಾರೆ.

ತೊಡಕು

ಮೊದಲ ಸುತ್ತು ಚೆನ್ನಾಗಿ ಬಂತು. ಮೆತ್ತನೆಯ ಜೆಲ್ ಮೇಲೆ ಕೋಶಗಳು ದುಂಡಗೆ, ಚಿಕ್ಕದಾಗಿ ಉಳಿದವು, ಯಾಪ್ ಕೋಶದ್ರವದಲ್ಲೇ ಇತ್ತು. ಗಡಸು ಜೆಲ್ ಮೇಲೆ ಹರಡಿಕೊಂಡವು, ಯಾಪ್ ಕೋಶಕೇಂದ್ರ ಸೇರಿತ್ತು. ಆಮೇಲಿನ ಸುತ್ತುಗಳಲ್ಲಿ ಈ ಅಂತರ ಕರಗುತ್ತ ಹೋಯಿತು. ಮೆತ್ತನೆಯ ಜೆಲ್ ಮೇಲೂ ಕೋಶಗಳು ಕೈಕಾಲು ಚಾಚಿದವು, ಮೂಳೆಯ ಹಾದಿಯ ಆರಂಭದ ಗುರುತಾದ ಆಲ್ಕಲೈನ್ ಫಾಸ್ಫಟೇಸ್ ಏಳನೇ ದಿನಕ್ಕೆ ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿ ಕಾಣಿಸಿತು. ಇನ್ನು ಕೆಲವು ಸುತ್ತುಗಳಲ್ಲಿ ಮೆತ್ತನೆಯ ಜೆಲ್‌ನಿಂದ ಕೋಶಗಳು ಹಾಳೆಹಾಳೆಯಾಗಿ ಎದ್ದುಹೋದವು.

ಎರಡು ಬಗೆಯ ವೈಫಲ್ಯ ಒಟ್ಟಿಗೆ ಬಂದದ್ದೇ ದಾರಿ ತಪ್ಪಿಸಿತು. ಒಂದರಲ್ಲಿ ಕೋಶ ಹೆಚ್ಚು ಹರಡುತ್ತದೆ, ಇನ್ನೊಂದರಲ್ಲಿ ಅಂಟುವುದೇ ಇಲ್ಲ. ಒಂದೇ ಕಾರಣ ಇವೆರಡನ್ನೂ ವಿವರಿಸಬೇಕೆಂದು ತಂಡ ಹುಡುಕುತ್ತ ಹೋಯಿತು. ಅಂಥ ಒಂದು ಕಾರಣ ಇರಲಿಲ್ಲ.

ಮೊದಲು ಮಾಡಿ ನೋಡಿದ್ದು

ಮೊದಲ ಗುಮಾನಿ ದಾನಿಯ ಮೇಲೆ ಹೋಯಿತು. ದಾನಿ ಬದಲಿಸಿದರು, ಸೀರಮ್ ಬದಲಿಸಿದರು. ಫಲಿತಾಂಶ ಮೊದಲಿನಂತೆಯೇ ಏರುಪೇರು. ಕೋಶ ಎದ್ದುಹೋಗುವುದನ್ನು ತಡೆಯಲು ಕೊಲ್ಯಾಜೆನ್ ದ್ರಾವಣವನ್ನು ಮಿಲಿಲೀಟರ್‌ಗೆ 100 ಮೈಕ್ರೋಗ್ರಾಂನಿಂದ ಇಮ್ಮಡಿ ಮಾಡಿದರು. ಅಂಟಿಕೊಂಡ ಕೋಶಗಳ ಸಂಖ್ಯೆ ಸ್ವಲ್ಪ ಏರಿತು, ಆದರೆ ಮೆತ್ತನೆಯ ಜೆಲ್ ಮೇಲೆ ಕೋಶಗಳು ಇನ್ನಷ್ಟು ಹರಡಿದವು. ಅಂಟಿನ ಪ್ರಮಾಣ ಏರಿಸಿದರೆ ಹಿಡಿತದ ಬಿಂದುಗಳೂ ಹೆಚ್ಚುತ್ತವೆ. ಆಗ ಗಡಸುತನದ ಪರಿಣಾಮ ಯಾವುದು, ಅಂಟಿನ ಪರಿಣಾಮ ಯಾವುದು ಎಂದು ಬಿಡಿಸಲಾಗದು. ಅಂತರ ಎದ್ದು ಕಾಣಲಿ ಎಂದು ಮೂಳೆ ಬೆಳೆಸುವ ಮಾಧ್ಯಮವನ್ನೂ ಹಾಕಿ ನೋಡಿದರು: 100 ನ್ಯಾನೋಮೋಲಾರ್ ಡೆಕ್ಸಾಮೆಥಸೋನ್, 10 ಮಿಲಿಮೋಲಾರ್ ಬೀಟಾ-ಗ್ಲಿಸರೋಫಾಸ್ಫೇಟ್, ಆಸ್ಕಾರ್ಬಿಕ್ ಆಮ್ಲ. ಅದು ಎರಡೂ ಜೆಲ್‌ಗಳ ಮೇಲಿನ ಕೋಶಗಳನ್ನು ಒಂದೇ ಕಡೆಗೆ ದೂಡಿತು. ಡೆಕ್ಸಾಮೆಥಸೋನ್ ಇರುವಲ್ಲಿ ನೆಲದ ಗಡಸುತನದ ದನಿ ಸುಲಭವಾಗಿ ಮುಚ್ಚಿಹೋಗುತ್ತದೆ.

ಈ ಹಂತದಲ್ಲಿ ತೆಗೆದುಕೊಂಡ ಒಂದು ನಿರ್ಧಾರ ಮೆಚ್ಚುವಂಥದ್ದು. ಸರಿಪಡಿಸುವ ಪ್ರಯತ್ನಗಳನ್ನೆಲ್ಲ ನಿಲ್ಲಿಸಿ, ಹಳೆಯ ಪಾಕಕ್ಕೆ ಮರಳಿ, ಕೋಶ ಮುಟ್ಟುವ ಒಂದೊಂದು ಸಂಗತಿಯನ್ನೂ ಬೇರೆಬೇರೆಯಾಗಿ ಅಳೆಯುವುದೆಂದು ತೀರ್ಮಾನಿಸಿದರು. ಮೊದಲು ಗಡಸುತನ, ಆಮೇಲೆ ಅಂಟು, ಆಮೇಲೆ ಜೆಲ್‌ನ ದಪ್ಪ, ಕೊನೆಗೆ ಕೋಶ.

ಗಡಸುತನ ಅಳೆದಾಗ ಮತ್ತಷ್ಟು ಗೊಂದಲವಾಯಿತು, ಏಕೆಂದರೆ ಅದು ಸರಿಯಾಗಿಯೇ ಇತ್ತು. ಜೆಲ್‌ಗಳನ್ನು ರಾತ್ರಿಯಿಡೀ ಬಫರ್‌ನಲ್ಲಿ ಉಬ್ಬಲು ಬಿಟ್ಟು, ದುಂಡು ತುದಿಯ ಸೂಜಿಯಿಂದ ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ ಸುಮಾರು 1 ಮೈಕ್ರೋಮೀಟರ್ ಆಳಕ್ಕೆ ಒತ್ತಿದರು. ಮೆತ್ತನೆಯದು 1 ಕಿಲೋಪ್ಯಾಸ್ಕಲ್‌ನ ಆಸುಪಾಸು, ಗಡಸಿನದು 35ರ ಆಸುಪಾಸು. ಉಬ್ಬುವ ಮೊದಲೇ ಅಳೆದರೆ ಬೇರೆಯೇ ಅಂಕಿ ಬರುತ್ತದೆ, ಹಾಗಾಗಿ ಈ ಕಾಯುವಿಕೆ ಬಿಡಬಾರದ ಹೆಜ್ಜೆ. ದ್ರಾವಣದಲ್ಲಿ ಕರಗಿದ ಆಮ್ಲಜನಕ ಪಾಲಿಮರ್ ಕಟ್ಟುವುದನ್ನು ತಡೆಯುತ್ತದೆ. ನಿರ್ವಾತದಲ್ಲಿ 15ರಿಂದ 30 ನಿಮಿಷ ಗಾಳಿ ತೆಗೆಯುವುದನ್ನು ಅವರು ಮೊದಲಿನಿಂದಲೂ ತಪ್ಪಿಸಿರಲಿಲ್ಲ. ಪಾಕದಲ್ಲಿ ತಪ್ಪಿಲ್ಲ ಎಂದಾಯಿತು.

ಅಂಟಿನ ಕಥೆ

ಕೊಲ್ಯಾಜೆನ್‌ಗೆ ಹೊಳೆಯುವ ಪ್ರತಿಕಾಯ ಹಚ್ಚಿ ನೋಡಿದಾಗ ಎದ್ದುಹೋಗುವ ಕೋಶಗಳ ಗುಟ್ಟು ರಟ್ಟಾಯಿತು. ಕೆಟ್ಟ ಸುತ್ತಿನ ಜೆಲ್‌ಗಳ ಮೇಲೆ ಕೊಲ್ಯಾಜೆನ್ ತೇಪೆತೇಪೆಯಾಗಿ ಕೂತಿತ್ತು, ನಡುನಡುವೆ ಕಪ್ಪು ಖಾಲಿ ಜಾಗ.

ಸಲ್ಫೋ-ಸ್ಯಾನ್‌ಪಾಗೆ ಎರಡು ತುದಿ. ಒಂದು ತುದಿ ಬೆಳಕು ಬಿದ್ದಾಗ ಜೆಲ್ ಹಿಡಿಯುತ್ತದೆ, ಇನ್ನೊಂದು ತುದಿ ಪ್ರೋಟೀನಿನಲ್ಲಿರುವ ಅಮೈನ್ ಎಂಬ ಸಾರಜನಕದ ಗುಂಪನ್ನು ಹಿಡಿಯುತ್ತದೆ. ಈ ಎರಡನೆಯದು ನೀರಿನಲ್ಲಿ ತಾನಾಗಿ ಹಾಳಾಗುತ್ತದೆ, ಪಿಎಚ್ 8.5ರಂಥ ಕ್ಷಾರೀಯ ಬಫರ್‌ನಲ್ಲಿ ನಿಮಿಷಗಳ ಲೆಕ್ಕದಲ್ಲಿ. ತಂಡದಲ್ಲಿ ಒಬ್ಬರು ಇದನ್ನು ಬಫರ್‌ಗೆ ಬೆರೆಸಿಟ್ಟು, ಆಮೇಲೆ ಜೆಲ್‌ಗಳನ್ನು ಒಂದೊಂದಾಗಿ ಒರೆಸಿ ಜೋಡಿಸುತ್ತಿದ್ದರು. ಕೊನೆಯ ಜೆಲ್ ತಲುಪುವಷ್ಟರಲ್ಲಿ ದ್ರಾವಣದ ಅರ್ಧಕ್ಕೂ ಹೆಚ್ಚು ಕಸುವು ಹೋಗಿರುತ್ತಿತ್ತು. ಜೊತೆಗೆ ಮೂಲ ದ್ರಾವಣದ ಒಂದೇ ಟ್ಯೂಬನ್ನು ಹಲವು ಬಾರಿ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಲಾಗಿತ್ತು.

ಪರಿಹಾರ ಸರಳ. ನೀರಿನಂಶವಿಲ್ಲದ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, ಒಮ್ಮೆಗೆ ಮಾತ್ರ ಸಾಲುವ ಸಣ್ಣ ಟ್ಯೂಬ್‌ಗಳಲ್ಲಿ ಕತ್ತಲೆಯಲ್ಲಿ, ಮೈನಸ್ 80 ಡಿಗ್ರಿಯಲ್ಲಿ ಇಟ್ಟರು. ಜೆಲ್‌ಗಳನ್ನೆಲ್ಲ ಒರೆಸಿ ಸಿದ್ಧ ಮಾಡಿಕೊಂಡ ಮೇಲಷ್ಟೇ 50 ಮಿಲಿಮೋಲಾರ್ ಹೆಪಿಸ್ ಬಫರ್‌ಗೆ ಬೆರೆಸಿ, ಮಿಲಿಲೀಟರ್‌ಗೆ 0.2 ಮಿಲಿಗ್ರಾಂ ಬರುವಂತೆ ಮಾಡಿ, ಕೂಡಲೇ ಹಾಕಿ, 10 ನಿಮಿಷ ಬೆಳಕಿಗೆ ಹಿಡಿದರು. ಕಿತ್ತಳೆ ಬಣ್ಣ ಗಾಢ ಕಂದಾದರೆ ಬೆಳಕು ತಲುಪಿದೆ ಎಂದರ್ಥ. ಆದರೆ ಬಣ್ಣ ಹೇಳುವುದು ಒಂದು ತುದಿಯ ಸಂಗತಿ ಮಾತ್ರ. ಅಮೈನ್ ಹಿಡಿಯುವ ತುದಿ ಸತ್ತಿದ್ದರೂ ಬಣ್ಣ ಹೀಗೆಯೇ ತಿರುಗುತ್ತದೆ. ಆದ್ದರಿಂದ ಬಣ್ಣ ನೋಡಿ ಸಮಾಧಾನಪಡುವಂತಿಲ್ಲ. ತೊಳೆದು ಇನ್ನೊಮ್ಮೆ ಅದನ್ನೇ ಮಾಡಿ, ತಕ್ಷಣ ಕೊಲ್ಯಾಜೆನ್ ಹಾಕಿದರು. ಬಫರ್‌ನಲ್ಲಿ ಟ್ರಿಸ್ ಅಥವಾ ಗ್ಲೈಸೀನ್ ಇರಕೂಡದು; ಅವುಗಳಲ್ಲಿರುವ ಅಮೈನ್‌ಗಳೇ ಅಂಟನ್ನು ತಿಂದುಹಾಕುತ್ತವೆ.

ಕೋಶಗಳು ಎದ್ದುಹೋಗುವುದು ನಿಂತಿತು. ಮೆತ್ತನೆಯ ಜೆಲ್ ಮೇಲೆ ಹರಡುವುದು ಮಾತ್ರ ನಿಲ್ಲಲಿಲ್ಲ.

ತಿರುವು

ಅಲ್ಲಿಯವರೆಗೆ ಪ್ರತಿ ಜೆಲ್‌ನಲ್ಲೂ ಮನಬಂದ ಕೆಲವು ಜಾಗಗಳ ಚಿತ್ರ ತೆಗೆದು ಸರಾಸರಿ ಹಾಕುತ್ತಿದ್ದರು. ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಒಂದು ಮೆತ್ತನೆಯ ಜೆಲ್ಲನ್ನು ಅಂಚಿನಿಂದ ಅಂಚಿಗೆ ಪೂರ್ತಿಯಾಗಿ ಚಿತ್ರಿಸಿ, ತುಂಡುಗಳನ್ನು ಜೋಡಿಸಿದರು. ಎಡ ಅಂಚಿನಲ್ಲಿ ಕೋಶಗಳು ಅಗಲವಾಗಿ, ಮೂಲೆಮೂಲೆಯಾಗಿ ಚಾಚಿಕೊಂಡಿದ್ದವು, ಯಾಪ್ ಬಣ್ಣ ಕೋಶಕೇಂದ್ರದಲ್ಲಿ ದಟ್ಟವಾಗಿತ್ತು. ಬಲಕ್ಕೆ ಸರಿದಂತೆ ಕೋಶಗಳು ಕಿರಿದಾಗುತ್ತ, ಬಲ ಅಂಚಿನಲ್ಲಿ ದುಂಡು ಕಾಳಿನಂತಾಗಿದ್ದವು. "ಸರ್, ಒಂದೇ ಜೆಲ್‌ನಲ್ಲಿ ಎರಡೂ ಇವೆ" ಎಂದು ಅವರು ಮಾರ್ಗದರ್ಶಕರಿಗೆ ತೋರಿಸಿದ್ದು ಈ ಪ್ರಕರಣದ ನಿಜವಾದ ತಿರುವು. ಅಷ್ಟು ದಿನ ಸರಾಸರಿಯೊಳಗೆ ಅಡಗಿದ್ದದ್ದು ಒಂದೇ ಚಿತ್ರದಲ್ಲಿ ಹೊರಬಿತ್ತು.

ಪಾಕ ಒಂದೇ, ಅಂಟು ಒಂದೇ, ಕೋಶವೂ ಒಂದೇ. ಉಳಿದದ್ದು ದಪ್ಪ. ಜೆಲ್‌ಗೆ 0.2 ಮೈಕ್ರೋಮೀಟರ್‌ನ ಹೊಳೆಯುವ ಮಣಿಗಳನ್ನು ಬೆರೆಸಿ, ಆಳ ಆಳವಾಗಿ ಪದರ ತೋರಿಸುವ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಗಾಜಿನಿಂದ ಮೇಲ್ಮೈವರೆಗೆ ಅಳೆದರು. ಒಂದು ಅಂಚಿನಲ್ಲಿ 10 ಮೈಕ್ರೋಮೀಟರ್‌ಗೂ ಕಡಿಮೆ, ಎದುರು ಅಂಚಿನಲ್ಲಿ ಅದರ ಹಲವು ಪಟ್ಟು. 12 ಮಿಲಿಮೀಟರ್ ಕವರ್‌ಸ್ಲಿಪ್‌ನ ವಿಸ್ತೀರ್ಣ ಸುಮಾರು 113 ಚದರ ಮಿಲಿಮೀಟರ್. ಅವರು ಹಾಕುತ್ತಿದ್ದದ್ದು 5 ಮೈಕ್ರೋಲೀಟರ್, ಅಂದರೆ ಸಮನಾಗಿ ಹರಡಿದರೂ 44 ಮೈಕ್ರೋಮೀಟರ್ ಮಾತ್ರ. ಜೆಲ್ ಕಟ್ಟುವಾಗ ಗಾಜು ತುಸು ವಾಲಿದರೂ ಒಂದು ಬದಿ ತೀರಾ ತೆಳುವಾಗುತ್ತದೆ.

ಹಾಗಾದರೆ ಸೂಕ್ಷ್ಮದರ್ಶಕದ ಸೂಜಿ ಎಲ್ಲ ಕಡೆ 1 ಕಿಲೋಪ್ಯಾಸ್ಕಲ್ ತೋರಿಸಿದ್ದೇಕೆ? ತೆಳು ಹಾಸಿಗೆಯನ್ನು ಬೆರಳಿನಿಂದ ಒತ್ತಿದರೆ ಮೆತ್ತಗೇ ಇರುತ್ತದೆ. ಮೈಚೆಲ್ಲಿ ಮಲಗಿದಾಗ ಸೊಂಟಕ್ಕೆ ನೆಲ ತಾಗುತ್ತದೆ. ಸೂಜಿ 1 ಮೈಕ್ರೋಮೀಟರ್ ಒತ್ತಿ ವಾಪಸು ಬರುತ್ತದೆ. ಕೋಶವಾದರೋ ಹತ್ತಾರು ಮೈಕ್ರೋಮೀಟರ್ ಅಗಲಕ್ಕೆ ಕಾಲೂರಿ ಪಕ್ಕಕ್ಕೆ ಎಳೆಯುತ್ತದೆ, ಆ ಎಳೆತ ಜೆಲ್‌ನೊಳಗೆ ಆಳಕ್ಕೆ ಇಳಿಯುತ್ತದೆ. ಜೆಲ್ ತೆಳುವಾಗಿದ್ದರೆ ಅಡಿಯ ಗಾಜು ಆ ಎಳೆತವನ್ನು ತಡೆಯುತ್ತದೆ. ಸೂಜಿ ಅಳೆದದ್ದು ಜೆಲ್ಲನ್ನು, ಕೋಶ ಅಳೆದದ್ದು ಜೆಲ್ ಮತ್ತು ಗಾಜು ಎರಡನ್ನೂ. ಕೋಶಗಳು ಒತ್ತೊತ್ತಾಗಿದ್ದರೆ ಕೂಡಿ ಎಳೆಯುವುದರಿಂದ ಇನ್ನೂ ಆಳದ ಗಡಸುತನವೂ ಅವುಗಳಿಗೆ ತಿಳಿಯುತ್ತದೆ. ಹಾಗಾಗಿ ಚದರ ಸೆಂಟಿಮೀಟರ್‌ಗೆ 10,000 ಇದ್ದ ಬಿತ್ತನೆಯನ್ನು 2,000ದಿಂದ 3,000ಕ್ಕೆ ಇಳಿಸಿದರು.

ದಪ್ಪಕ್ಕೆ ಮಾಡಿದ ಉಪಾಯ ಯಾರೂ ಮಾಡಿಕೊಳ್ಳಬಹುದಾದದ್ದು. ನಂಬರ್ 1 ಕವರ್‌ಸ್ಲಿಪ್‌ನ ದಪ್ಪ 0.13ರಿಂದ 0.16 ಮಿಲಿಮೀಟರ್. ಅದನ್ನು ಕಿರಿದಾದ ಪಟ್ಟಿಗಳಾಗಿ ಕತ್ತರಿಸಿ ಎರಡು ಬದಿಗೆ ಆಸರೆಯಾಗಿಟ್ಟು, ನಡುವೆ 15 ಮೈಕ್ರೋಲೀಟರ್ ಹನಿ ಹಾಕಿ, ಮೇಲೆ ದುಂಡು ಕವರ್‌ಸ್ಲಿಪ್ ಇಳಿಸಿದರು. ವಾಲಲು ಜಾಗವೇ ಇಲ್ಲ. ಇನ್ನೂ ದಪ್ಪ ಬೇಕೆಂದು ಹೋದರೆ ಮೆತ್ತನೆಯ ಜೆಲ್ ಉಬ್ಬಿದಾಗ ಮೇಲ್ಮೈ ಸುಕ್ಕುಗಟ್ಟುತ್ತದೆ, ಅಂಚು ಗಾಜಿನಿಂದ ಬಿಡುತ್ತದೆ, ಸೂಕ್ಷ್ಮದರ್ಶಕದ ಮಸೂರವೂ ಅಷ್ಟು ದೂರ ತಲುಪುವುದಿಲ್ಲ. ಕಾನ್‌ಫೋಕಲ್ ಇಲ್ಲದವರು ಗಾಜಿನ ಮೇಲಿನ ಮಣಿಗೂ ಜೆಲ್ ಮೇಲಿನ ಮಣಿಗೂ ಫೋಕಸ್ ಮಾಡಿ ನಡುವಿನ ಅಂತರ ಓದಬಹುದು. ಗಾಳಿಯಲ್ಲಿ ಬಳಸುವ ಮಸೂರವಾದರೆ ಓದಿದ ಅಂಕಿಯನ್ನು ಸುಮಾರು 1.33ರಿಂದ ಗುಣಿಸಬೇಕು, ಇಲ್ಲದಿದ್ದರೆ 40 ಮೈಕ್ರೋಮೀಟರ್ ಇರುವುದು 30 ಎಂದು ಕಾಣುತ್ತದೆ.

ಕೋಶದ ಪೂರ್ವಚರಿತ್ರೆ

ದಪ್ಪ ಜೆಲ್‌ಗಳ ಮೇಲೆ ಫಲಿತಾಂಶ ಸುಧಾರಿಸಿತು, ಪೂರ್ತಿ ಸರಿಹೋಗಲಿಲ್ಲ. ಕೆಲವು ಸುತ್ತುಗಳಲ್ಲಿ ಮೆತ್ತನೆಯ ಜೆಲ್‌ನ ಕೋಶಗಳಲ್ಲೂ ಯಾಪ್ ಕೋಶಕೇಂದ್ರದಲ್ಲೇ ಉಳಿದಿತ್ತು, ಈ ಬಾರಿ ಅಂಚಿನ ವ್ಯತ್ಯಾಸವಿಲ್ಲದೆ ಎಲ್ಲ ಕಡೆ. ದಾಖಲೆ ಪುಸ್ತಕ ತೆಗೆದು ಒಳ್ಳೆಯ ಸುತ್ತು, ಕೆಟ್ಟ ಸುತ್ತುಗಳನ್ನು ಅಕ್ಕಪಕ್ಕ ಬರೆದಾಗ ಒಂದು ಸಾಲು ಹೊಂದಿಕೊಂಡಿತು. ಒಳ್ಳೆಯ ಸುತ್ತಿನ ಕೋಶಗಳು ಹೆಪ್ಪುಪೆಟ್ಟಿಗೆಯಿಂದ ಬಂದು ಎರಡು ಮೂರು ದಿನಕ್ಕೆ ಜೆಲ್ ಸೇರಿದ್ದವು. ಕೆಟ್ಟ ಸುತ್ತಿನವು ಸಂಖ್ಯೆ ಹೆಚ್ಚಿಸಿಕೊಳ್ಳಲು ವಾರಗಟ್ಟಲೆ ಪ್ಲಾಸ್ಟಿಕ್ ಫ್ಲಾಸ್ಕ್‌ನಲ್ಲಿ ಪ್ಯಾಸೇಜ್ (ತುಂಬಿದ ಕೋಶಗಳನ್ನು ಎತ್ತಿ ಹೊಸ ಫ್ಲಾಸ್ಕ್‌ಗೆ ಹಾಕುವುದು) ಮೇಲೆ ಪ್ಯಾಸೇಜ್ ಕಂಡಿದ್ದವು.

ಫ್ಲಾಸ್ಕ್‌ನ ಪಾಲಿಸ್ಟೈರೀನ್ ಸುಮಾರು 3 ಗಿಗಾಪ್ಯಾಸ್ಕಲ್, ಅಂದರೆ ಮೆತ್ತನೆಯ ಜೆಲ್‌ಗಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಗಡಸು. ಕೋಶ ಈ ನೆಲವನ್ನು ನೆನಪಿಟ್ಟುಕೊಳ್ಳುತ್ತದೆ ಎಂದು 2014ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಕ್ರಿಸ್ಟಿ ಆನ್ಸೆತ್ ತಂಡ ತೋರಿಸಿತ್ತು. ಪ್ಲಾಸ್ಟಿಕ್ ಮೇಲೆ ಕಡಿಮೆ ಕಾಲ ಇದ್ದ ಕೋಶಗಳಲ್ಲಿ, ಮೆತ್ತನೆಯ ಜೆಲ್‌ಗೆ ಬಂದ ಮೇಲೆ ಯಾಪ್ ಕೋಶಕೇಂದ್ರದಿಂದ ಹೊರಬಂತು. 10 ದಿನ ಇದ್ದ ಕೋಶಗಳಲ್ಲಿ ಅಲ್ಲೇ ಉಳಿಯಿತು.

ಎರಡೂ ಕಾರಣಗಳನ್ನು ಬೇರ್ಪಡಿಸಲು ಒಂದೇ ದಾನಿಯ ಕೋಶಗಳನ್ನು ನಾಲ್ಕು ಗುಂಪು ಮಾಡಿದರು: ತೆಳು ಜೆಲ್ ಅಥವಾ ದಪ್ಪ ಜೆಲ್, ಅದರ ಪ್ರತಿಯೊಂದರಲ್ಲೂ ಪ್ಲಾಸ್ಟಿಕ್ ಮೇಲೆ ಕಡಿಮೆ ದಿನ ಅಥವಾ ಹೆಚ್ಚು ದಿನ ಇದ್ದ ಕೋಶಗಳು. ಚಿತ್ರ ಎಣಿಸುವವರಿಗೆ ಯಾವುದು ಯಾವ ಗುಂಪೆಂದು ತಿಳಿಸಿರಲಿಲ್ಲ. ದಪ್ಪ ಜೆಲ್, ಕಡಿಮೆ ದಿನ ಇದ್ದಲ್ಲಿ ಮೆತ್ತನೆಯ ಮತ್ತು ಗಡಸು ಜೆಲ್‌ಗಳ ಅಂತರ ನಿಚ್ಚಳವಾಗಿತ್ತು. ದಪ್ಪ ಜೆಲ್, ಹೆಚ್ಚು ದಿನ ಇದ್ದಲ್ಲಿ ಆಕಾರ ದುಂಡಗಾದರೂ ಯಾಪ್ ಹಲವು ಕೋಶಗಳಲ್ಲಿ ಕೋಶಕೇಂದ್ರ ಬಿಡಲಿಲ್ಲ. ತೆಳು ಜೆಲ್, ಕಡಿಮೆ ದಿನ ಇದ್ದಲ್ಲಿ ಅಂಚಿನಿಂದ ಅಂಚಿಗೆ ಅದೇ ಇಳಿಜಾರು. ತೆಳು ಜೆಲ್, ಹೆಚ್ಚು ದಿನ ಇದ್ದಲ್ಲಿ ಅಂತರವೇ ಇಲ್ಲ. ಆಕಾರ ಮತ್ತು ಯಾಪ್ ಎರಡನ್ನೂ ಒಟ್ಟಿಗೆ ನೋಡಿದ್ದು ಇಲ್ಲಿ ಕೈಹಿಡಿಯಿತು. ಆಕಾರ ಒಂದನ್ನೇ ನೋಡಿದ್ದರೆ ಎರಡನೆಯ ಗುಂಪು ಸರಿಯಾಗಿದೆ ಎಂದು ಬರೆದುಬಿಡುತ್ತಿದ್ದರು.

ಇದರಿಂದ ಒಂದು ಕಷ್ಟದ ನಿರ್ಧಾರ ಎದುರಾಯಿತು. ಪ್ಲಾಸ್ಟಿಕ್ ಮೇಲಿನ ದಿನ ಕಡಿಮೆ ಮಾಡಿದರೆ ಕೋಶಗಳ ಸಂಖ್ಯೆ ಸಾಲದು. ಮೆತ್ತನೆಯ ನೆಲದ ಮೇಲೆಯೇ ಬೆಳೆಸೋಣವೆಂದರೆ ಅಲ್ಲಿ ಕೋಶಗಳು ನಿಧಾನವಾಗಿ ವಿಭಜಿಸುತ್ತವೆ. ಅವರು ಕೋಶ ಹೆಚ್ಚಿಸುವ ಬದಲು ಪ್ರಯೋಗವನ್ನು ಕಿರಿದು ಮಾಡಿದರು: ಮೂರನೇ ಪ್ಯಾಸೇಜ್‌ನಲ್ಲೇ ಅನೇಕ ಸಣ್ಣ ಟ್ಯೂಬ್‌ಗಳಲ್ಲಿ ಹೆಪ್ಪುಗಟ್ಟಿಸಿಟ್ಟು, ಪ್ರತಿ ಸುತ್ತಿಗೂ ಒಂದನ್ನು ತೆಗೆದು, ಎರಡು ಮೂರು ದಿನ ಮಾತ್ರ ಫ್ಲಾಸ್ಕ್‌ನಲ್ಲಿ ಚೇತರಿಸಿಕೊಳ್ಳಲು ಬಿಟ್ಟು, ಅದರ ತಳ ಶೇ 70 ತುಂಬುವ ಮೊದಲೇ ಎತ್ತಿ ಜೆಲ್‌ಗೆ ಹಾಕುವುದು. ಬಿತ್ತನೆ ತೆಳುವಾದ್ದರಿಂದ ಕಡಿಮೆ ಕೋಶಗಳೂ ಸಾಕಾದವು. ಹೆಪ್ಪುಗಟ್ಟಿಸುವ ಮುಂಚಿನ ಪ್ಲಾಸ್ಟಿಕ್ ದಿನಗಳು ಇದರಿಂದ ಅಳಿಸಿಹೋಗುವುದಿಲ್ಲ ಎಂಬುದನ್ನೂ ವರದಿಯಲ್ಲಿ ಬರೆದರು. ಎಲ್ಲ ಗುಂಪುಗಳಿಗೂ ಆ ಚರಿತ್ರೆ ಒಂದೇ ಆಗಿರುವುದರಿಂದ ಹೋಲಿಕೆಗೆ ಅಡ್ಡಿಯಿಲ್ಲ, ಅಷ್ಟೇ.

ನಂತರದ್ದು

ಬದಲಾದ ಕ್ರಮದಲ್ಲಿ, ಮೂಳೆ ಬೆಳೆಸುವ ಮಾಧ್ಯಮವಿಲ್ಲದೆ, ಏಳನೇ ದಿನದ ಆಲ್ಕಲೈನ್ ಫಾಸ್ಫಟೇಸ್ ಗಡಸು ಜೆಲ್ ಮೇಲೆ ಪ್ರತಿ ಸುತ್ತಿನಲ್ಲೂ ಹೆಚ್ಚಾಗಿಯೇ ಬಂತು. ಒಬ್ಬ ದಾನಿಯ ಕೋಶಗಳಲ್ಲಿ ಅಂತರ ಕೊನೆಯವರೆಗೂ ಕ್ಷೀಣವಾಗಿತ್ತು. ಅದನ್ನು ಲೆಕ್ಕದಿಂದ ತೆಗೆಯದೆ ಹಾಗೆಯೇ ಉಳಿಸಿಕೊಂಡರು, ಮತ್ತು ಅದು ಸರಿಯಾದ ನಡೆ: ಮುಂದೆ ರೋಗಿಗಳಿಗೆ ಒದಗಬೇಕಾದ ವಸ್ತುವಿಗೆ ದಾನಿಯಿಂದ ದಾನಿಗೆ ಇರುವ ವ್ಯತ್ಯಾಸ ಮೊದಲೇ ತಿಳಿದಿರಬೇಕು. ಒಂದೇ ಬಾರಿಗೆ ಮಾಡಿದ ಜೆಲ್‌ಗಳಲ್ಲಿ ಪ್ರತಿ ಸಲವೂ ಎರಡನ್ನು ಕೋಶ ಹಾಕದೆ ಎತ್ತಿಡುವುದು ಈಗ ಅಲ್ಲಿನ ಕ್ರಮ. ಒಂದರಲ್ಲಿ ಗಡಸುತನ ಮತ್ತು ನಾಲ್ಕು ಅಂಚುಗಳ ದಪ್ಪ, ಇನ್ನೊಂದರಲ್ಲಿ ಕೊಲ್ಯಾಜೆನ್ ಹರವು. ಇವೆರಡೂ ತೃಪ್ತಿಕರವಾದ ಮೇಲೆ ಮಾತ್ರ ಕೋಶದ ಟ್ಯೂಬ್ ಕರಗುತ್ತದೆ.

ಮೂಳೆ ತುಂಬುವ ಜೆಲ್‌ಗೆ ಹೊರಳಿದಾಗ ತಂಡ ಸಮತಲದ ಅಂಕಿಯನ್ನು ನೇರವಾಗಿ ಒಯ್ಯಲಿಲ್ಲ. ಕೋಶವನ್ನು ಜೆಲ್‌ನೊಳಗೇ ಹುದುಗಿಸಿದಾಗ ಲೆಕ್ಕ ಬದಲಾಗುತ್ತದೆ. ಸುತ್ತಲಿನ ಜೆಲ್ ಎಳೆಗಳ ಬಲೆ ಕರಗದಿದ್ದರೆ ಕೋಶ ಹರಡಲಾರದು, ಎಳೆಯಲೂ ಆಗದು. ಹಯಲುರೋನಿಕ್ ಆಮ್ಲದ ಜೆಲ್‌ಗಳಲ್ಲಿ, ಗಡಸುತನ ಸಮವಾಗಿದ್ದರೂ, ಕೋಶ ಕತ್ತರಿಸಬಲ್ಲ ಬಲೆಯಲ್ಲಿ ಮೂಳೆಯ ಕಡೆಗೂ ಕತ್ತರಿಸಲಾಗದ ಬಲೆಯಲ್ಲಿ ಕೊಬ್ಬಿನ ಕಡೆಗೂ ವಾಲಿದ್ದನ್ನು 2013ರಲ್ಲಿ ಜೇಸನ್ ಬರ್ಡಿಕ್ ತಂಡ ತೋರಿಸಿತ್ತು. 2016ರಲ್ಲಿ ಡೇವಿಡ್ ಮೂನಿ ತಂಡದ ಆಲ್ಜಿನೇಟ್ ಕೆಲಸದಲ್ಲಿ, ಒತ್ತಡಕ್ಕೆ ಬೇಗ ಸಡಿಲಗೊಳ್ಳುವ ಜೆಲ್‌ನಲ್ಲಿ ಮೂಳೆಯ ಲಕ್ಷಣಗಳು ಹೆಚ್ಚಿದವು. ಹಾಗಾಗಿ ಮುಂದಿನ ಹಂತಕ್ಕೆ ತಂಡ ಬರೆದುಕೊಂಡ ಮೊದಲ ಪಟ್ಟಿಯಲ್ಲಿ ಗಡಸುತನದ ಜೊತೆಗೆ ಇನ್ನೆರಡು ಅಳತೆಗಳು ಸೇರಿದವು: ಕೋಶದ ಕಿಣ್ವಕ್ಕೆ ಬಲೆ ಎಷ್ಟು ದಿನದಲ್ಲಿ ಕರಗುತ್ತದೆ, ಒತ್ತಿ ಹಿಡಿದರೆ ಒತ್ತಡ ಅರ್ಧಕ್ಕಿಳಿಯಲು ಎಷ್ಟು ಸೆಕೆಂಡ್ ಬೇಕು. ಕೋಶ ಸಿಕ್ಕ ದಿನದಿಂದ ಜೆಲ್ ಸೇರುವವರೆಗೆ ಪ್ಲಾಸ್ಟಿಕ್ ಮೇಲೆ ಕಳೆದ ದಿನಗಳಿಗೂ ಅದೇ ಹಾಳೆಯಲ್ಲಿ ಒಂದು ಕಾಲಂ ಬಂತು.